ಎರರ್ ಬಾರ್ ಹಾಕೋಕೆ ಲಿಬ್ರೆಆಫೀಸ್ ಕ್ಯಾಲ್ಕ್: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಧಾರವಾಡದಲ್ಲಿ ಬೀಜ ಪರೀಕ್ಷೆಯ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಮೊಳಕೆ ಎಣಿಸುವುದು, ಸಂಜೆ ಆ ಎಣಿಕೆಯನ್ನು ಕಂಪ್ಯೂಟರಿಗೆ ಹಾಕುವುದು. ತಿಂಗಳಿಗೆ ಹತ್ತು ಹನ್ನೆರಡು ಬಾರ್ ಚಾರ್ಟ್ ಆಗುತ್ತವೆ. ಸರಾಸರಿ ಎಷ್ಟು ಆಚೀಚೆ ಆಗಬಹುದು ಅಂತ ಕಂಬದ ತುದಿಯಲ್ಲಿ ತೋರಿಸುವ ಗೆರೆಯೇ ಎರರ್ ಬಾರ್. ಅದು ಇಲ್ಲದ ಚಾರ್ಟನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ನಾಲ್ಕು ವರ್ಷದಿಂದ ಇದಕ್ಕೆಲ್ಲ ನಾನು ನೆಚ್ಚಿಕೊಂಡಿರುವುದು ಲಿಬ್ರೆಆಫೀಸ್ ಕ್ಯಾಲ್ಕ್, ಎಕ್ಸೆಲ್ ಥರದ ಸ್ಪ್ರೆಡ್‌ಶೀಟ್. ದುಡ್ಡು ಕೊಡಬೇಕಿಲ್ಲ, ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ತಕರಾರಿಲ್ಲದೆ ನಡೆಯುತ್ತದೆ. ಹೊಸದಾಗಿ ಥೀಸಿಸ್ ಬರೆಯುತ್ತಿರುವವರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಒಮ್ಮೆ ಕೂತು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಎಡವುವ ಜಾಗ ಹೇಳಿಬಿಡುತ್ತೇನೆ. ಇದೊಂದು ಗೊತ್ತಾದರೆ ಉಳಿದದ್ದು ಸುಲಭ.

ಚಾರ್ಟ್ ಮಾಡಿದ ಮೇಲೆ ಎರರ್ ಬಾರ್ ಡಬ್ಬಿ ತೆರೆದರೆ ಕೆಲವು ಆಯ್ಕೆಗಳು ಕಾಣುತ್ತವೆ: ಕಾನ್‌ಸ್ಟಂಟ್ ವ್ಯಾಲ್ಯೂ, ಪರ್ಸೆಂಟೇಜ್, ಸೆಲ್ ರೇಂಜ್, ಜೊತೆಗೆ ಸ್ಟ್ಯಾಂಡರ್ಡ್ ಎರರ್, ಸ್ಟ್ಯಾಂಡರ್ಡ್ ಡೀವಿಯೇಷನ್ ಇರುವ ಒಂದು ಪಟ್ಟಿ. ನಮಗೆ ಬೇಕಿರುವುದು ಸ್ಟ್ಯಾಂಡರ್ಡ್ ಎರರ್ (ಸರಾಸರಿಯನ್ನು ಎಷ್ಟು ನಂಬಬಹುದು ಎಂಬ ಅಳತೆ) ತಾನೆ? ಕೈ ನೇರವಾಗಿ ಅಲ್ಲಿಗೇ ಹೋಗುತ್ತದೆ. ಒತ್ತಿದ ಕೂಡಲೇ ಎಲ್ಲ ಕಂಬಗಳ ಮೇಲೂ ಚೆಂದದ ಗೆರೆ ಬರುತ್ತದೆ. ಆದರೆ ಅದು ನಮ್ಮ ಪ್ರಯೋಗದ ಎರರ್ ಅಲ್ಲ.

ಯಾಕೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ಜೋಳದ ಮೊಳಕೆ ಪರೀಕ್ಷೆ ತೆಗೆದುಕೊಳ್ಳಿ. ಪ್ರತಿ ಟ್ರೀಟ್‌ಮೆಂಟಿಗೆ (ಹೋಲಿಸುತ್ತಿರುವ ಒಂದೊಂದು ಬಗೆಗೆ) ನಾಲ್ಕು ರೆಪ್ಲಿಕೇಷನ್, ಅಂದರೆ ಅದೇ ಪರೀಕ್ಷೆ ನಾಲ್ಕು ಸಲ, ಒಂದೊಂದರಲ್ಲಿ 100 ಬೀಜ. ಹೊಸ ಬೀಜ ಹಾಗೇ ಹಾಕಿದ್ದರಲ್ಲಿ ಮೊಳೆತದ್ದು 78, 82, 80, 84. ನೀರಲ್ಲಿ ನೆನೆಸಿ ಮತ್ತೆ ಒಣಗಿಸಿದ್ದರಲ್ಲಿ 88, 87, 89, 88. ಹಳೇ ಬೀಜದಲ್ಲಿ 48, 66, 62, 72. ಸರಾಸರಿ 81, 88, 62. ಪ್ರತಿಯೊಂದರ ಸ್ಟ್ಯಾಂಡರ್ಡ್ ಎರರ್ ತೆಗೆದರೆ ಕ್ರಮವಾಗಿ 1.29, 0.41, 5.10. ನೆನೆಸಿದ ಬೀಜ ನಾಲ್ಕೂ ಸಲ ಹೆಚ್ಚುಕಮ್ಮಿ ಒಂದೇ ಫಲ ಕೊಟ್ಟಿದೆ, ಹಳೇ ಬೀಜ ಒಂದೊಂದು ಸಲ ಒಂದೊಂದು ಥರ. ಚಾರ್ಟಿನಲ್ಲಿ ಕಾಣಬೇಕಾದದ್ದು ಇದೇ ಅಲ್ವಾ?

ಆದರೆ ಚಾರ್ಟಿಗೆ ಗೊತ್ತಿರುವುದು 81, 88, 62 ಎಂಬ ಮೂರೇ ಸಂಖ್ಯೆ. ರೆಪ್ಲಿಕೇಷನ್ ಅದರ ಕಣ್ಣಿಗೆ ಬಿದ್ದೇ ಇಲ್ಲ. ಪಟ್ಟಿಯಿಂದ ಸ್ಟ್ಯಾಂಡರ್ಡ್ ಎರರ್ ಆರಿಸಿದರೆ ಆ ಮೂರು ಸರಾಸರಿಗಳ ನಡುವಿನ ಏರಿಳಿತವನ್ನೇ ಲೆಕ್ಕ ಹಾಕಿ, ಮೂರೂ ಕಂಬಕ್ಕೆ ಅದೇ ಉದ್ದದ ಗೆರೆ ಎಳೆಯುತ್ತದೆ. ನೆನೆಸಿದ ಬೀಜಕ್ಕೆ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಉದ್ದ! ಟ್ರೀಟ್‌ಮೆಂಟ್‌ಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಈ ಸುಳ್ಳು ಗೆರೆ ಉದ್ದವಾಗುತ್ತದೆ. ಅಂದರೆ ಪ್ರಯೋಗ ಚೆನ್ನಾಗಿ ಬಂದಷ್ಟೂ ಚಾರ್ಟ್ ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಇದು ಕ್ಯಾಲ್ಕ್ ಒಂದರ ಕಥೆ ಅಲ್ಲ, ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಎರರ್ ಒತ್ತಿದರೂ ಲೆಕ್ಕ ಹೀಗೇ ನಡೆಯುತ್ತದೆ.

ಓದುವಾಗ ನನ್ನ ಮೊದಲ ಸೆಮಿನಾರಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಮೇಡಂ ಎದ್ದು, "ಎಲ್ಲಾ ಕಂಬಕ್ಕೂ ಅಳತೆ ಹಿಡಿದ ಹಾಗೆ ಒಂದೇ ಗೆರೆ ಹೇಗಮ್ಮಾ ಬಂತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಯಾರ ಚಾರ್ಟ್ ನೋಡಿದರೂ ನನ್ನ ಕಣ್ಣು ಮೊದಲು ಗೆರೆಗಳ ಉದ್ದಕ್ಕೇ ಹೋಗುತ್ತದೆ.

ಸರಿಯಾದ ದಾರಿ ಹೀಗಿದೆ. ಒಂದು ಸಾಲಿಗೆ ಒಂದು ಟ್ರೀಟ್‌ಮೆಂಟ್. ಹೆಸರು, ನಾಲ್ಕು ರೆಪ್ಲಿಕೇಷನ್, ಆಮೇಲೆ ಸರಾಸರಿ, ಅದರ ಪಕ್ಕದಲ್ಲೇ ಸ್ಟ್ಯಾಂಡರ್ಡ್ ಎರರ್. ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನು (ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ರೆಪ್ಲಿಕೇಷನ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. ನಾಲ್ಕು ರೆಪ್ಲಿಕೇಷನ್ ಇದ್ದರೆ ಸುಮ್ನೆ ಎರಡರಿಂದ ಭಾಗಿಸಿದರಾಯಿತು. ಡೀವಿಯೇಷನ್ನಿಗೆ STDEV.S, STDEV.P ಅಂತ ಎರಡು ಫಂಕ್ಷನ್ ಇವೆ, ಕೊನೆಯಲ್ಲಿ ಎಸ್ ಇರುವುದು ನಮಗೆ ಬೇಕಾದ್ದು. ಪಿ ಇರುವುದು ಇಡೀ ಸಮೂಹವನ್ನೇ ಅಳೆದಾಗ ಬಳಸುವಂಥದ್ದು.

ಇನ್ನು ಹೆಸರಿನ ಕಾಲಂ, ಸರಾಸರಿಯ ಕಾಲಂ ಎರಡನ್ನೇ ಹಿಡಿದು ಚಾರ್ಟ್ ಮಾಡಿ. ಚಾರ್ಟಿನ ಮೇಲೆ ಡಬಲ್ ಕ್ಲಿಕ್ ಮಾಡಬೇಕು. ಒಂದೇ ಸಲ ಒತ್ತಿದರೆ ಇಡೀ ಚೌಕಟ್ಟು ಸರಿದಾಡುತ್ತದೆ ಅಷ್ಟೇ, ಒಳಗೆ ಹೋಗುವುದಿಲ್ಲ. ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ಒಳಗೆ ಹೋಗಿ ಯಾವುದಾದರೂ ಕಂಬದ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಇನ್ಸರ್ಟ್ ವೈ ಎರರ್ ಬಾರ್ಸ್' ಸಿಗುತ್ತದೆ. ಅಲ್ಲಿ ಸೆಲ್ ರೇಂಜ್ ಆರಿಸಿ, ನೀವು ಲೆಕ್ಕ ಹಾಕಿದ ಕಾಲಂ ತೋರಿಸಿ. ಬರೀ ಸಂಖ್ಯೆಗಳನ್ನು ಹಿಡಿಯಿರಿ, ಮೇಲಿನ ತಲೆಬರಹ ಬೇಡ. 'ಸೇಮ್ ವ್ಯಾಲ್ಯೂ ಫಾರ್ ಬೋತ್' ಒತ್ತಿದರೆ ಮೇಲೂ ಕೆಳಗೂ ಅದೇ ಅಳತೆ ಹೋಗುತ್ತದೆ. ಈಗ ಪ್ರತಿ ಕಂಬಕ್ಕೂ ಅದರದೇ ಗೆರೆ ಬರುತ್ತದೆ.

ಇಲ್ಲಿಂದಾಚೆಗೆ ಕ್ಯಾಲ್ಕ್ ನನಗೆ ನಿಜವಾಗಿ ಇಷ್ಟವಾಗುತ್ತದೆ. ಒಂದು ಎಣಿಕೆ ತಿದ್ದಿದರೆ ಸರಾಸರಿ, ಎರರ್, ಕಂಬ, ಗೆರೆ ಎಲ್ಲ ಒಟ್ಟಿಗೆ ಬದಲಾಗುತ್ತವೆ. ಕನ್ನಡ ಅಕ್ಷರವೂ ಚೆನ್ನಾಗಿ ಬರುತ್ತದೆ. 2017ರ 5.3 ಆವೃತ್ತಿಯಿಂದ ಎಲ್ಲ ಕಂಪ್ಯೂಟರುಗಳಲ್ಲೂ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಬಳಸುತ್ತಾರೆ. ರೈತರ ತರಬೇತಿಗೆ ಚಾರ್ಟ್ ಮಾಡುವಾಗ 'ನೆನೆಸಿದ ಬೀಜ', 'ಹಳೇ ಬೀಜ' ಅಂತಲೇ ಕಂಬದ ಕೆಳಗೆ ಬರೆಯುತ್ತೇನೆ, ಒತ್ತಕ್ಷರ ಒಡೆಯುವುದಿಲ್ಲ. ಫಾಂಟ್ ಡಬ್ಬಿಯಲ್ಲಿ ಮಾತ್ರ ಕನ್ನಡದ ಅಳತೆ ಬೇರೆ ಕಡೆ ಇರುತ್ತದೆ, 'ಕಾಂಪ್ಲೆಕ್ಸ್ ಟೆಕ್ಸ್ಟ್' ಅಂತ. ಇಂಗ್ಲಿಷಿನ ಅಳತೆ ಎಷ್ಟು ದೊಡ್ಡದು ಮಾಡಿದರೂ ಕನ್ನಡ ಜಗ್ಗುವುದಿಲ್ಲ.

ಕೊರತೆಗಳೂ ಇವೆ. ಯಾವ ಟ್ರೀಟ್‌ಮೆಂಟ್ ಯಾವುದಕ್ಕಿಂತ ನಿಜವಾಗಿ ಬೇರೆ ಅಂತ ತೋರಿಸಲು ಕಂಬದ ಮೇಲೆ ಎ, ಬಿ, ಸಿ ಅಕ್ಷರ ಕೂರಿಸುವುದು ಪೂರ್ತಿ ಕೈಕೆಲಸ. ನಲವತ್ತು ಚಾರ್ಟ್ ಒಂದೇ ಅಚ್ಚಿನಲ್ಲಿ ಬೇಕೆಂದರೆ ಇದು ಸಾಕಾಗುವುದಿಲ್ಲ. ಆಗ ನಾನು ಆಜ್ಞೆ ಬರೆದು ಚಾರ್ಟ್ ಮಾಡುವ ಗ್ನೂಪ್ಲಾಟ್ ತೆರೆಯುತ್ತೇನೆ. 1986ರಿಂದ ಇರುವ ತಂತ್ರಾಂಶ, ಅದೂ ಉಚಿತ. ಅಲ್ಲಿ ಸರಾಸರಿ, ಎರರ್ ಎರಡೂ ಕಾಲಂ ನಾವೇ ಹೇಳಬೇಕು, ಹಾಗಾಗಿ ಮೊದಲು ಹೇಳಿದ ತಪ್ಪಿಗೆ ದಾರಿಯೇ ಇಲ್ಲ. ಆದರೆ ಆಜ್ಞೆ ಬರೆದು ಕಲಿಯಲು ಸಮಯ ಬೇಕು. ಒಂದೆರಡು ಚಾರ್ಟಿಗೆ ಕ್ಯಾಲ್ಕೇ ಸರಿ.

ಯಾವುದರಲ್ಲೇ ಮಾಡಿ, ಚಾರ್ಟಿನ ಕೆಳಗೆ ಗೆರೆ ಯಾವುದರದ್ದು ಅಂತ ಬರೆಯಿರಿ, ದಯವಿಟ್ಟು. ಹಳೇ ಬೀಜದ ಸ್ಟ್ಯಾಂಡರ್ಡ್ ಡೀವಿಯೇಷನ್ 10.2, ಸ್ಟ್ಯಾಂಡರ್ಡ್ ಎರರ್ 5.1. ಅದೇ 95 ಪರ್ಸೆಂಟ್ ಕಾನ್ಫಿಡೆನ್ಸ್ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಹಾಕಿದರೆ ಆಚೆಗೊಂದು ಈಚೆಗೊಂದು 16ರ ಮೇಲೆ. ಮೂರೂ ಒಂದೇ ದತ್ತಾಂಶ, ಬರೆಯದೆ ಬಿಟ್ಟರೆ ಓದುವವರು ಏನಂತ ತಿಳಿಯಬೇಕು?

ಮೇಲೆ ಕೊಟ್ಟ ಲೆಕ್ಕ ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗಿಯದು. ಮೊದಲು ಅವಳೂ ಪಟ್ಟಿಯಿಂದಲೇ ಗೆರೆ ಎಳೆದಿದ್ದಳು. ಪಕ್ಕ ಕೂತು ಸೆಲ್ ರೇಂಜ್ ತೋರಿಸಿದೆ. ಗೆರೆಗಳು ಬದಲಾದವು. ನೆನೆಸಿದ ಬೀಜದ್ದು ಕಂಬದ ಅಂಚಿಗೇ ಅಂಟಿಕೊಂಡಿತು, ಹಳೇ ಬೀಜದ್ದು ಮಾತ್ರ ಎದ್ದು ನಿಂತಿತು.

"ಅಕ್ಕಾರ, ಇದೊಂದು ಗೆರಿ ಯಾಕ್ರೀ ಇಷ್ಟ ಉದ್ದ ಬಂತು?" ಅಂದಳು.

"ನಿನ್ನ ನೋಟ್‌ಬುಕ್ಕೇ ಹೇಳಬೇಕು" ಅಂದೆ.

ತೆಗೆದು ನೋಡಿದಳು. 10ನೇ ದಿನದ ಕೊನೆಯ ಎಣಿಕೆಯ ಪುಟ. 48 ಬಂದಿದ್ದ ಪೇಪರ್ ಸುರುಳಿಯ ಎದುರಿಗೆ ಪೆನ್ಸಿಲಿನಲ್ಲಿ ಅವಳದೇ ಅಕ್ಷರ: 'ಬೂಷ್ಟು'. 48ಕ್ಕೂ 72ಕ್ಕೂ ನಡುವೆ 24ರ ಅಂತರ. ರೆಪ್ಲಿಕೇಷನ್‌ಗಳ ನಡುವೆ ಎಷ್ಟು ಅಂತರ ಇರಬಹುದು ಅಂತ ಹೇಳುವ ಟಾಲರೆನ್ಸ್ ಟೇಬಲ್ ಅದನ್ನು ಒಪ್ಪುವುದಿಲ್ಲ. ಮರುದಿನ ಬೆಳಿಗ್ಗೆ ಹಳೇ ಬೀಜವನ್ನು ಹೊಸ ಪೇಪರಿನಲ್ಲಿ ಮತ್ತೆ ಹಾಕಿದೆವು.