ರೂಟ್ ಕೆನಾಲ್‌ಗೆ ಸಸ್ಯಮೂಲದ ದ್ರಾವಣಗಳು: ಒಂದು ವಿಮರ್ಶೆ
ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಬೇರುನಾಳವನ್ನು ತೊಳೆಯಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್‌ಗೆ ಬದಲಿಯಾಗಿ ತ್ರಿಫಲಾ, ಬೇವು, ಹಸಿರು ಚಹಾ, ನೋನಿ ಮುಂತಾದವುಗಳ ಸಾರವನ್ನು ಪರೀಕ್ಷಿಸಲಾಗಿದೆ. ಪ್ರಯೋಗಾಲಯದಲ್ಲಿ, ಕಿತ್ತ ಹಲ್ಲುಗಳ ಮೇಲೆ, ಇವು ಎಂಟರೋಕಾಕಸ್ ಫೀಕಾಲಿಸ್ ಎಂಬ ಹಟಮಾರಿ ಬ್ಯಾಕ್ಟೀರಿಯವನ್ನು ತಗ್ಗಿಸಿರುವುದು ನಿಜ. ತ್ರಿಫಲಾದಲ್ಲಿರುವ ಅಳಲೆ, ತಾರೆ, ನೆಲ್ಲಿಗಳ ಟ್ಯಾನಿನ್‌ಗಳಿಗೆ, ಅಂದರೆ ಒಗರು ರುಚಿ ಕೊಡುವ ಸಸ್ಯ ರಾಸಾಯನಿಕಗಳಿಗೆ, ಆ ಗುಣವಿದೆ. ಆದರೆ ಉಪಕರಣ ತಲುಪದ ಕವಲುಗಳಲ್ಲಿ ಉಳಿದ ಸತ್ತ ಅಂಗಾಂಶವನ್ನೂ ದ್ರಾವಣವು ಕರಗಿಸಬೇಕಾಗುತ್ತದೆ, ಮತ್ತು ಆ ಕೆಲಸದಲ್ಲಿ ಶೇ. 0.5ರಿಂದ 5.25ರಷ್ಟು ಸಾಂದ್ರತೆಯಲ್ಲಿ ಬಳಸುವ ಹೈಪೋಕ್ಲೋರೈಟ್ ಇಂದಿಗೂ ಮುಂದಿದೆ. ಅದರ ಘಾಟು ವಾಸನೆ, ಬೇರಿನ ತುದಿ ದಾಟಿದರೆ ಉಂಟಾಗುವ ತೀವ್ರ ನೋವು, ಊತ ಇವು ಸಣ್ಣ ದೋಷಗಳೇನಲ್ಲ. ಸಸ್ಯಸಾರಗಳ ತೊಡಕು ಬೇರೆ: ಎಲೆ, ಋತು, ಸಾರ ತೆಗೆಯುವ ವಿಧಾನ ಬದಲಾದಂತೆ ಅವುಗಳ ಶಕ್ತಿಯೂ ಬದಲಾಗುತ್ತದೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆನ್ನುವ ಜಾಹೀರಾತಿನ ಧಾಟಿಯಂತೂ ನನಗೆ ಒಪ್ಪಿಗೆಯಿಲ್ಲ. ಸದ್ಯಕ್ಕೆ ಇವನ್ನು ಪೂರಕವಾಗಿ ಮಾತ್ರ ಸ್ವೀಕರಿಸಬಹುದು.