ರಿಟರ್ನ್ ಗಿಫ್ಟ್‌ಗೆ ಸಕ್ಯುಲೆಂಟ್ ಕೊಡುತ್ತಿದ್ದೀರಾ? ಮೊದಲು ಕುಂಡದ ತಳ ನೋಡಿ

ಗೃಹಪ್ರವೇಶ, ನಾಮಕರಣ ಏನೇ ಇರಲಿ, ಈಗ ನಮ್ಮ ಚಿಕ್ಕಬಳ್ಳಾಪುರದಲ್ಲೂ ಬ್ಲೌಸ್ ಪೀಸು, ಸ್ಟೀಲ್ ಡಬ್ಬಿ ಹಿಂದೆ ಬಿದ್ದು ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಪುಟ್ಟ ಸಕ್ಯುಲೆಂಟ್ ಗಿಡ ಮುಂದೆ ಬಂದಿದೆ. ಒಳ್ಳೆಯದೇ. ಆದರೆ ಗಿಡ ಯಾವ ಕುಂಡದಲ್ಲಿ ಕೂತಿದೆ ಅಂತ ನೋಡದೆ ಅಡ್ವಾನ್ಸ್ ಕೊಟ್ಟರೆ ದುಡ್ಡು ನೀರುಪಾಲು. ನಮ್ಮ ಅಕ್ಕನ ಮನೆಯ ಗೃಹಪ್ರವೇಶದಲ್ಲಿ ಆಗಿದ್ದು ಅದೇ.

ಶ್ರಾವಣದಲ್ಲಿ ಗೃಹಪ್ರವೇಶ ಇತ್ತು. ಭಾವನಿಗೆ ಯಾರೋ ಪರಿಚಯದವರು ಹೇಳಿದ ಕಡೆ ಆರ್ಡರ್ ಆಯಿತು. ಹೆಸರು ಬೇಡ, ಈ ಕೆಲಸ ಅವರೊಬ್ಬರೇ ಮಾಡುತ್ತಿಲ್ಲ. ಬಿಳಿ ಪಿಂಗಾಣಿ ಬಟ್ಟಲು, ಒಳಗೆ ಎಕೆವೇರಿಯಾನೋ ಹಾವರ್ಥಿಯಾನೋ ಜೇಡ್ ಗಿಡಾನೋ ಒಂದು, ಮೇಲೆ ಹೊಳೆಯುವ ಕಲ್ಲು. ಜೊತೆಗೊಂದು ಚೀಟಿ: ವಾರಕ್ಕೆ ಎರಡು ಚಮಚ ನೀರು. ಬಂದವರೆಲ್ಲ ಖುಷಿಯಾಗಿ ತೆಗೆದುಕೊಂಡು ಹೋದರು.

ಉತ್ತರೆ ಮಳೆ ಹಿಡಿದ ಮೇಲೆ ಫೋನ್ ಬರೋಕೆ ಶುರುವಾಯಿತು. ಮೊದಲು ಚಿಂತಾಮಣಿ ಚಿಕ್ಕಮ್ಮ. "ಏನಮ್ಮಾ, ನಿಮ್ಮಕ್ಕ ಕೊಟ್ಟ ಗಿಡ ಮುಟ್ಟಿದ್ರೆ ಸಾಕು, ಎಲೆ ಉದುರ್ತದೆ" ಅಂದರು. ಆಮೇಲೆ ಶಿಡ್ಲಘಟ್ಟದ ಅತ್ತೆ, ಆಮೇಲೆ ಕೋಲಾರದಲ್ಲಿರುವ ಭಾವನ ಕಡೆಯವರು. ಎಲ್ಲರದ್ದೂ ಒಂದೇ ಕಥೆ. ಕೆಳಗಿನ ಎಲೆ ಹಳದಿಯಾಗಿ ನೀರು ತುಂಬಿಕೊಂಡು ಮೆತ್ತಗಾಗುತ್ತೆ, ಕಾಂಡದ ಬುಡ ಕಪ್ಪಾಗುತ್ತೆ, ಒಂದು ಬೆಳಿಗ್ಗೆ ಗಿಡ ವಾಲಿಕೊಂಡಿರುತ್ತೆ.

ಮಾರಿದವರಿಗೆ ಫೋನ್ ಮಾಡಿದರೆ ಉತ್ತರ ರೆಡಿ ಇತ್ತು. "ಮೇಡಂ, ನೀರು ಜಾಸ್ತಿ ಹಾಕಿರ್ತೀರ. ಗಿಡಕ್ಕೆಲ್ಲ ಗ್ಯಾರಂಟಿ ಇರಲ್ಲ." ಚಿಕ್ಕಮ್ಮ ಸಾರಿಗೆ ಉಪ್ಪು ಹಾಕುವಾಗಲೂ ಎರಡು ಸಲ ಯೋಚನೆ ಮಾಡುವವರು. ಚೀಟಿಯಲ್ಲಿ ಬರೆದ ಅಳತೆ ಮೀರಿಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ಕೈ, ಆದರೂ ಎಲ್ಲ ಕಡೆ ಒಂದೇ ರೀತಿ ಕೊಳೆಯುತ್ತೆ ಅಂದರೆ ತಪ್ಪು ನೀರು ಹಾಕಿದವರದ್ದಾ?

ಅಕ್ಕನ ಮನೆಯಲ್ಲಿ ಉಳಿದಿದ್ದ ಬಟ್ಟಲು ತೆಗೆದು ನೋಡಿದೆ. ಮೇಲಿನ ಕಲ್ಲು ಕೈಗೆ ಬರಲಿಲ್ಲ, ಗೋಂದು ಹಾಕಿ ಅಂಟಿಸಿದ್ದರು. ಚಾಕುವಿನಿಂದ ಮೀಟಿ ತೆಗೆದರೆ ಕೆಳಗೆ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೇಲಿನಿಂದ ನೋಡಿದರೆ ಎಲ್ಲ ಒಣಗಿದ ಹಾಗಿತ್ತು. ಬೇರಿನ ಸುತ್ತ ನರ್ಸರಿಯ ತೆಳು ಬಟ್ಟೆಯಂಥ ಚೀಲ ಹಾಗೇ ಇತ್ತು. ಬೇರು ಹಿಡಿದು ಮೆಲ್ಲಗೆ ಎಳೆದೆ. ನೆನೆಸಿದ ಅವರೆಕಾಳು ಹಿತಕಿದಾಗ ಸಿಪ್ಪೆ ಜಾರುತ್ತಲ್ಲ, ಹಾಗೆ ಹೊರಗಿನ ಪದರ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ಜೊತೆಗೆ ಚರಂಡಿ ವಾಸನೆ. ಬಟ್ಟಲಿನ ತಳದಲ್ಲಿ ಒಂದು ತೂತೂ ಇಲ್ಲ.

"ಕೆಳಗೆ ಜಲ್ಲಿ ಹಾಕಿದ್ದೀವಲ್ಲ ಮೇಡಂ, ನೀರು ಅಲ್ಲಿಗೆ ಇಳಿಯುತ್ತೆ" ಅಂತ ಅವರ ವಾದ. ಇದು ತುಂಬಾ ಜನ ನಂಬಿರುವ ಸುಳ್ಳು. ಮೇಲಿನ ನುಣುಪು ಮಣ್ಣು ಪೂರ್ತಿ ನೆನೆದು ಇನ್ನು ಹಿಡಿಯಲಾರೆ ಅನ್ನುವವರೆಗೂ ನೀರು ದಪ್ಪ ಜಲ್ಲಿಗೆ ಇಳಿಯುವುದೇ ಇಲ್ಲ. ಅಂದರೆ ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಬೇರಿಗೆ ಹತ್ತಿರ ಬರುತ್ತೆ. ಇನ್ನು ಇಳಿದ ನೀರಾದರೂ ತೂತಿಲ್ಲದ ಬಟ್ಟಲಿನಿಂದ ಎಲ್ಲಿಗೆ ಹೋಗಬೇಕು? ಆವಿಯಾಗಿ ಹೋಗೋಣ ಅಂದರೆ ಮೇಲೆ ಗೋಂದಿನ ಮುಚ್ಚಳ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಅಲ್ವಾ, ಆಗ ಎರಡು ಚಮಚವೂ ಜಾಸ್ತಿಯೇ. ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಬೇರು ಸಾಯಲು ಶುರುವಾದ ಮೇಲೆ ಪಿಥಿಯಂ, ಫೈಟೊಫ್ಥೊರಾ, ಫ್ಯುಸೇರಿಯಂ ಥರದ ರೋಗಾಣುಗಳು ಮುಗಿಸಿಬಿಡುತ್ತವೆ.

ಇಲ್ಲೊಂದು ಮೋಸ ಇದೆ. ಬೇರು ಸತ್ತ ಗಿಡಕ್ಕೆ ನೀರು ಎಳೆಯಲು ಆಗಲ್ಲ, ಅದಕ್ಕೇ ಬಾಡುತ್ತೆ. ನೋಡಿದವರು ಪಾಪ ಬಾಯಾರಿದೆ ಅಂತ ಇನ್ನಷ್ಟು ನೀರು ಹಾಕುತ್ತಾರೆ. ನಿಜವಾಗಿ ಬಾಯಾರಿದ ಗಿಡದ ಎಲೆ ಸುಕ್ಕಾಗುತ್ತೆ, ತೆಳುವಾಗುತ್ತೆ, ಕೆಳಗಿನ ಎಲೆ ಗರಿಗರಿಯಾಗಿ ಒಣಗುತ್ತೆ. ಕೊಳೆತಿರುವುದರ ಎಲೆ ಮೆತ್ತಗೆ ಲೊಳಲೊಳ ಅನ್ನುತ್ತೆ. ಅನುಮಾನ ಬಂದರೆ ಕುಂಡದಿಂದ ಕಿತ್ತು ಬೇರು ನೋಡಿಬಿಡಿ, ಸಕ್ಯುಲೆಂಟ್‌ಗೆ ಅದರಿಂದ ಏನೂ ಆಗಲ್ಲ.

ಕಿತ್ತ ಮೇಲೆ ಏನು ಮಾಡಬೇಕು ಅಂದರೆ, ಮಣ್ಣು, ಬಟ್ಟೆ ಚೀಲ ಎಲ್ಲ ತೆಗೆದು ಬೇರು ತೊಳೆಯಿರಿ. ಕಪ್ಪು, ಮೆತ್ತನೆಯ ಬೇರನ್ನೆಲ್ಲ ಕತ್ತರಿಸಿ. ಬ್ಲೇಡನ್ನು ಪ್ರತಿ ಸಲ ಸ್ಪಿರಿಟ್‌ನಲ್ಲಿ ಒರೆಸಿ. ಕಾಂಡಕ್ಕೂ ಕೊಳೆ ಏರಿದ್ದರೆ ಕೆಳಗಿನಿಂದ ತೆಳು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಬನ್ನಿ. ಬಿಲ್ಲೆಯ ಮಧ್ಯದಲ್ಲಿ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಇನ್ನೂ ಮೇಲೆ ಕೊಯ್ಯಬೇಕು. ಒಂದು ಸಣ್ಣ ಚುಕ್ಕೆ ಉಳಿದರೂ ಕೊಳೆ ಮತ್ತೆ ಏರುತ್ತೆ. ಪೂರ್ತಿ ತಿಳಿ ಹಸಿರು ಬಂದಾಗ ನಿಲ್ಲಿಸಿ. ಎಕೆವೇರಿಯಾದಲ್ಲಿ ಕೆಲವೊಮ್ಮೆ ಮೇಲಿನ ಹೂವಿನಂಥ ತಲೆ ಮಾತ್ರ ಉಳಿಯುತ್ತೆ, ಅಷ್ಟು ಸಾಕು. ಹಾವರ್ಥಿಯಾ ಇನ್ನೂ ಗಟ್ಟಿ ಪಿಂಡ, ಒಂದೂ ಬೇರಿಲ್ಲದಿದ್ದರೂ ಬುಡ ಗಟ್ಟಿಯಿದ್ದರೆ ಹೊಸ ಬೇರು ಬಿಡುತ್ತೆ.

ಕೊಯ್ದ ತಕ್ಷಣ ನೆಡಬೇಡಿ. ಗಾಳಿ ಆಡುವ ನೆರಳಿನಲ್ಲಿ ಪೇಪರ್ ಮೇಲೆ ಬಿಡಿ. ಗಾಯ ಒಣಗಿ ಚರ್ಮ ಕಟ್ಟಬೇಕು. ಸಣ್ಣ ಬೇರು ಕತ್ತರಿಸಿದ್ದರೆ ಎರಡು ಮೂರು ದಿನ, ಕಾಂಡ ಕೊಯ್ದಿದ್ದರೆ ಒಂದು ವಾರ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಆಮೇಲೆ ಒಣ ಮಣ್ಣಿನಲ್ಲೇ ನೆಟ್ಟು ಒಂದು ವಾರ ಬಿಟ್ಟು ನೀರು ಕೊಡಿ. ಹಳೆ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ.

ಔಷಧಿ ಬಗ್ಗೆ ಒಂದು ಮಾತು. ಗೊಬ್ಬರದ ಅಂಗಡಿಯಲ್ಲಿ ಬೇರು ಕೊಳೆ ಅಂದರೆ ಸಾಮಾನ್ಯವಾಗಿ ಕಾರ್ಬೆಂಡಜಿಮ್ ಕೈಗಿಡುತ್ತಾರೆ. ಫ್ಯುಸೇರಿಯಂಗೆ ಅದು ಸರಿ, ಪಿಥಿಯಂ, ಫೈಟೊಫ್ಥೊರಾ ಮೇಲೆ ಅದು ಕೆಲಸ ಮಾಡಲ್ಲ. ಅದಕ್ಕೆ ಟೊಮೆಟೊ ಬೆಳೆಗಾರರು ಅಂಗಮಾರಿಗೆ ಹೊಡೆಯುವ ಮೆಟಲಾಕ್ಸಿಲ್, ಮ್ಯಾಂಕೋಜೆಬ್ ಸೇರಿದ ಪುಡಿ ಬೇಕು, ಲೀಟರಿಗೆ 2 ಗ್ರಾಂ. ಆದರೆ ಯಾವುದೂ ಸತ್ತ ಬೇರಿಗೆ ಜೀವ ಕೊಡುವುದಿಲ್ಲ. ನಾಲ್ಕು ಗಿಡಕ್ಕೆ ಬ್ಲೇಡು, ಒಣ ಗಾಳಿ ಸಾಕು ಅಂತ ನನ್ನ ಅಭಿಪ್ರಾಯ. ತಂದೇ ತರುತ್ತೀರಿ ಅಂದರೆ ಗ್ಲೌಸ್ ಹಾಕಿ, ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ.

ಮಣ್ಣಿಗೆ ಬೆರೆಸಲು ಪರ್ಲೈಟು, ಪ್ಯೂಮಿಸ್ ಥರದ ಹಗುರ ಕಲ್ಲಿನ ಕಾಳು ಅಂತ ಆನ್‌ಲೈನ್ ಹುಡುಕಬೇಕಿಲ್ಲ. ನಮ್ಮ ಕೆಂಪು ಮಣ್ಣು ಒಂದೇ ಹಾಕಿದರೆ ಅಂಟಾಗಿ ಗಟ್ಟಿಯಾಗುತ್ತೆ, ಅದು ಒಂದು ಪಾಲು ಸಾಕು, ಗೊಬ್ಬರ ಅರ್ಧ ಪಾಲು. ಉಳಿದ ಎರಡು ಪಾಲು ಇಟ್ಟಿಗೆ ಚೂರು ಮತ್ತು ಎಂ ಸ್ಯಾಂಡ್. ಎಂ ಸ್ಯಾಂಡನ್ನು ಜರಡಿ ಹಿಡಿದು ನುಣುಪು ಪುಡಿ ಎಸೆದು, ಮೇಲೆ ಉಳಿದ ಕಾಳನ್ನು ತೊಳೆದು ಬಳಸಿ. ಆ ಪುಡಿ ಬಿಟ್ಟರೆ ಸಿಮೆಂಟ್ ಹಾಕಿದಂತೆಯೇ.

ಈಗಾಗಲೇ ಇಂಥ ಬಟ್ಟಲು ಮನೆಗೆ ಬಂದಿದ್ದರೆ ಗಿಡ ಚೆನ್ನಾಗಿದ್ದರೂ ಇವತ್ತೇ ತೆಗೆಯಿರಿ. ಬಟ್ಟಲು ಇಷ್ಟವಾಗಿದ್ದರೆ ಟೈಲ್ಸ್ ಕೆಲಸದವರ ಹತ್ತಿರ ತಳಕ್ಕೆ ತೂತು ಹಾಕಿಸಿ. ಡ್ರಿಲ್‌ನಲ್ಲಿ ಹ್ಯಾಮರ್ ಮೋಡ್ ಬೇಡ, ನೀರು ಬಿಡುತ್ತಾ ನಿಧಾನ ಕೊರೆಯಲಿ, ಇಲ್ಲದಿದ್ದರೆ ಸೀಳುತ್ತೆ. ನೀರಿಗೆ ಚಮಚದ ಲೆಕ್ಕ ಬಿಡಿ. ಉರಿದು ಮುಗಿದ ಊದುಬತ್ತಿ ಕಡ್ಡಿ ತಳದವರೆಗೆ ಚುಚ್ಚಿ ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಒಣಗಿ ಬಂದರೆ ತಳದಿಂದ ಸೋರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ.

ಆರ್ಡರ್ ಕೊಡುವವರು ಮೊದಲು ಒಂದೇ ಒಂದು ಸ್ಯಾಂಪಲ್ ತರಿಸಿಕೊಳ್ಳಿ. ತಳ ನೋಡಿ, ಮೇಲಿನ ಕಲ್ಲನ್ನು ಉಗುರಿನಲ್ಲಿ ಎಬ್ಬಿಸಿ ನೋಡಿ. ಎಲೆಗೆ ನೀಲಿ, ಗುಲಾಬಿ ಪೇಂಟ್ ಹೊಡೆದದ್ದಾದರೆ ಅಲ್ಲಿಗೇ ಬಿಡಿ. "ತೂತಿದ್ರೆ ಗಿಫ್ಟ್ ಕವರ್ ಒದ್ದೆ ಆಗುತ್ತೆ" ಅಂತ ಹೇಳುತ್ತಾರೆ, ನಮಗೂ ಹೇಳಿದರು. ಹಾಗಾದರೆ ಒಣ ಮಣ್ಣಿನಲ್ಲೇ ನೆಟ್ಟು ಕಳಿಸಿ ಅನ್ನಿ. ಸಕ್ಯುಲೆಂಟ್ ಒಂದು ವಾರ ನೀರಿಲ್ಲದೆ ಆರಾಮಾಗಿರುತ್ತೆ.