ಟರ್ಬೋ ಎರಡು ಸಲ ಹೋಯ್ತು, ಕಾರಣ ಸಿಕ್ಕಿದ್ದು ಮಂಗಳೂರು ಬೈಕಂಪಾಡಿಯ ಈ ಗ್ಯಾರೇಜಲ್ಲಿ

ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಆದ್ರೂ ಡೀಸೆಲ್ ಗಾಡಿ ಇರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಉಡುಪಿ. 2014ರ ಗಾಡಿ, 1.3 ಲೀಟರ್ ಡೀಸೆಲ್, 1.4 ಲಕ್ಷ ಕಿಲೋಮೀಟರ್ ಓಡಿದ್ದು. ತಂಗಿಗೆ ಮದುವೆ ಆದ ಮೊದಲ ವರ್ಷ, ಆಟಿಗೆ (ಹೊಸತಾಗಿ ಮದುವೆ ಆದವಳು ತವರಿಗೆ ಬರುವ ತುಳು ತಿಂಗಳು) ಮನೆಗೆ ಕರ್ಕೊಂಡು ಬರುವ ಅಂತ ತೀರ್ಥಹಳ್ಳಿಗೆ ಹೊರಟದ್ದು, ಹೆಬ್ರಿ ಸೋಮೇಶ್ವರ ಎಲ್ಲ ಆರಾಮಲ್ಲಿ ದಾಟಿತು, ಆಗುಂಬೆ ಘಾಟಿ ಅರ್ಧ ಹತ್ತಿದ್ದೇವೆ ಅಷ್ಟೆ, ಪಿಕಪ್ಪೇ ಇಲ್ಲ, ದೂರದಲ್ಲಿ ಆಂಬುಲೆನ್ಸ್ ಬಂದ ಹಾಗೆ ಒಂದು ಕೂಗು, ಕನ್ನಡಿಯಲ್ಲಿ ನೋಡಿದ್ರೆ ಹಿಂದೆ ಪೂರಾ ನೀಲಿ ಹೊಗೆ. ಮಳೆ ಬೇರೆ.

ಊರಿನ ಒಂದು ಗ್ಯಾರೇಜಿನವರು ಟರ್ಬೋ (ಇಂಜಿನಿಗೆ ಗಾಳಿ ಒತ್ತಿ ತುಂಬಿಸುವ ಫ್ಯಾನ್) ಹೋಗಿದೆ, ಹೊಸತೇ ಹಾಕುವ ಅಂದ್ರು. ಹಾಕಿದ್ರು, 38 ಸಾವಿರ. ಬರೀ 1,100 ಕಿಲೋಮೀಟರಿಗೆ ಪುನಃ ಅದೇ ಕೂಗು. ಕೇಳಿದ್ರೆ "ಪೀಸೇ ಡಿಫೆಕ್ಟ್ ಇರ್ಬೇಕು" ಅಂತ ಉತ್ತರ. ಆವತ್ತು ನಿಜಕ್ಕೂ ಕಣ್ಣಲ್ಲಿ ನೀರು ಬಂತು, ಅದು ತಂಗಿ ಮದುವೆ ಸಾಲ ತೀರಿಸ್ಲಿಕ್ಕೆ ಇಟ್ಟ ದುಡ್ಡು.

ಗೊತ್ತಿದ್ದ ಡ್ರೈವರ್ ಒಬ್ರು ಹೇಳಿದ ಮೇಲೆ ಟೋಯಿಂಗ್ ಮಾಡಿಸಿ ಇಲ್ಲಿಗೆ ತಂದೆ. ಇಲ್ಲಿನ ಹಿರಿಯ ಮೆಕ್ಯಾನಿಕ್ ಬಾನೆಟ್ ತೆಗೆಯುವ ಮೊದಲು ಒಂದರ ಮೇಲೆ ಒಂದು ಕೇಳಿದ್ದು: ಆಯಿಲ್ ಯಾವಾಗ ಬದಲಿಸಿದ್ದು, ಯಾವ ಗ್ರೇಡ್, ಹೊಸ ಟರ್ಬೋ ಜೊತೆ ಆಯಿಲ್ ಪೈಪ್ ಹೊಸತು ಹಾಕಿದ್ರಾ, ಘಾಟಿ ಹತ್ತಿ ಎಲ್ಲಿ ನಿಲ್ಲಿಸ್ತೀರಿ. ಕೊನೇ ಪ್ರಶ್ನೆ ನನಗೆ ಆಗ ಅರ್ಥ ಆಗ್ಲಿಲ್ಲ.

ಟರ್ಬೋ ಬಿಚ್ಚಿ ಶಾಫ್ಟ್ ಹೊರಗೆ ತೆಗೆದು ಬಿಳಿ ಬಟ್ಟೆ ಮೇಲೆ ಇಟ್ರು. ಬೇರಿಂಗ್ ಕೂರುವ ಜಾಗದಲ್ಲಿ ಶಾಫ್ಟ್ ನೀಲಿ ಆಗಿತ್ತು, ಸ್ಟೌ ಮೇಲೆ ಮರೆತು ಬಿಟ್ಟ ಸ್ಟೀಲ್ ಪಾತ್ರೆ ಬಣ್ಣ ತಿರುಗ್ತದಲ್ಲ, ಥೇಟ್ ಹಾಗೆ. "ನೋಡಿ ಇವ್ರೇ, ಆಯಿಲಲ್ಲಿ ಕಸ ಇದ್ರೆ ಇಲ್ಲಿ ಗೀರು ಗೀರು ಬೀಳ್ತದೆ, ಗಾಳಿಯಲ್ಲಿ ಎಂತಾದ್ರೂ ಒಳಗೆ ಹೋಗಿದ್ರೆ ರೆಕ್ಕೆ ಅಂಚು ಮುರೀತದೆ, ಇದು ಎರಡೂ ಅಲ್ಲ, ಇದಕ್ಕೆ ಆಯಿಲೇ ಸಿಕ್ಕಿಲ್ಲ" ಅಂದ್ರು. ಸಣ್ಣ ಟರ್ಬೋದ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ತಿರುಗ್ತದಂತೆ, ಬೇರಿಂಗ್ ಲೋಹಕ್ಕೆ ತಾಗದೆ ಆಯಿಲಿನ ತೆಳು ಪದರದ ಮೇಲೆ ತೇಲ್ತಾ ಇರ್ತದೆ. ಆ ಪದರ ಕೆಲವು ಸೆಕೆಂಡ್ ತಪ್ಪಿದ್ರೂ ಕತೆ ಮುಗೀತು.

ನಾನು ಕೇಳಿದೆ, ಆಯಿಲ್ ಲೈಟ್ ಒಮ್ಮೆಯೂ ಹತ್ತಿಲ್ಲ ಅಲ್ವಾ ಅಂತ. ಅವರು ಇಂಜಿನ್ ಬ್ಲಾಕಿಗೆ ಗೇಜ್ ಕಟ್ಟಿ ತೋರಿಸಿದ್ರು, ಪ್ರೆಶರ್ ಸರಿಯೇ ಇತ್ತು. ಲೈಟಿನ ಸೆನ್ಸರ್ ಇರುವುದು ಬ್ಲಾಕಲ್ಲಿ, ಟರ್ಬೋಗೆ ಹೋಗುವ ಪೈಪ್ ಅದರಿಂದ ಆಚೆ. ಪೈಪ್ ಕಟ್ಟಿದ್ರೆ ಲೈಟಿಗೆ ಎಲ್ಲಿಂದ ಗೊತ್ತಾಗ್ಬೇಕು. ಇಷ್ಟು ವರ್ಷ ಆ ಲೈಟನ್ನೇ ನಂಬಿ ಓಡಿಸಿದ್ದೆ ನಾನು.

ಆಮೇಲೆ ಆಯಿಲ್ ಪೈಪನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದ್ರು. ಹೊರಗಿಂದ ಪಳ ಪಳ, ಒಳಗೆ ಇದ್ದಿಲು. ಉಗುರಲ್ಲಿ ಕೆರೆದ್ರೂ ಬರ್ಲಿಲ್ಲ, ಮಧ್ಯದಲ್ಲಿ ಪೆನ್ಸಿಲ್ ಕಡ್ಡಿ ದಪ್ಪದ ತೂತು ಮಾತ್ರ ಬಾಕಿ. ಆ ಪೈಪ್ ಜೋಡಿಸುವ, ಒಳಗೆ ತೂತಿರುವ ಬಾಂಜೋ ಬೋಲ್ಟಿನ ಸಣ್ಣ ಜಾಲರಿಯೂ ಮುಚ್ಚಿತ್ತು. ಮೊದಲಿನ ಗ್ಯಾರೇಜಿನವರು ಹಳೇ ಪೈಪನ್ನೇ ಡೀಸೆಲಲ್ಲಿ ತೊಳೆದು ಪುನಃ ಹಾಕಿದ್ದು! ಈ ಇದ್ದಿಲು ಹೇಗೆ ಆಗುವುದು ಅಂದ್ರೆ, ನಾವು ಘಾಟಿ ಹತ್ತಿ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿ ತಕ್ಷಣ ಕೀ ತೆಗೀತೇವೆ, ಟರ್ಬೋ ಆಗ ಕೆಂಡದ ಹಾಗೆ ಇರ್ತದೆ, ಆಯಿಲ್ ಪಂಪ್ ನಿಂತ ಕಾರಣ ಅಲ್ಲಿದ್ದ ಆಯಿಲ್ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಆ ಪ್ರಶ್ನೆ ಯಾಕೆ ಅಂತ ಆಗ ಗೊತ್ತಾಯ್ತು. ಈಗ ನಾನು ಒಂದೆರಡು ನಿಮಿಷ ಐಡಲಲ್ಲಿ ಬಿಟ್ಟೇ ಆಫ್ ಮಾಡುವುದು.

ಅಷ್ಟಕ್ಕೇ ಬಿಡ್ಲಿಲ್ಲ ಅವರು. ಇಂಜಿನ್ ಅಡಿಯ ಆಯಿಲ್ ಚೇಂಬರ್ ಇಳಿಸಿದ್ರು, ಆಯಿಲ್ ಎಳೆಯುವ ಸ್ಟ್ರೈನರ್ ಅರ್ಧ ಕೆಸರು. ಅದು ನನ್ನ ತಪ್ಪು, ಆಯಿಲ್ ಬದಲಿಸುವುದನ್ನು ಒಮ್ಮೆ 18 ಸಾವಿರ ಕಿಲೋಮೀಟರ್ ತನಕ ಎಳೆದಿದ್ದೆ. ಬುದ್ಧಿ ಹೇಳಿದ್ರು, ಆದ್ರೆ ಹೀಯಾಳಿಸ್ಲಿಲ್ಲ.

ನನ್ನ ಪಕ್ಕದಲ್ಲೇ ಮಲ್ಪೆಯ ಒಂದು ಮೀನಿನ ಟೆಂಪೋ ನಿಂತಿತ್ತು, ಇಂಟರ್‌ಕೂಲರ್ (ಟರ್ಬೋದಿಂದ ಬರುವ ಗಾಳಿ ತಣಿಸುವ ಭಾಗ) ತುಂಬ ಆಯಿಲ್, ಟರ್ಬೋ ಸೀಲ್ ಹೋಗಿದೆ ಅಂತ ಯಾರೋ ಹೇಳಿ ಕಳಿಸಿದ್ದು. ಇವರು ನೋಡಿದ್ರೆ ಟರ್ಬೋ ಚೆನ್ನಾಗುಂಟು, ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಕಟ್ಟಿದ್ದು. ಟರ್ಬೋದಿಂದ ಆಯಿಲ್ ವಾಪಸ್ ಇಳಿಯುವುದು ತನ್ನ ಭಾರಕ್ಕೆ, ಪಂಪ್ ಎಂತ ಇಲ್ಲ, ಇಂಜಿನ್ ಒಳಗೆ ಗಾಳಿ ಒತ್ತಡ ಜಾಸ್ತಿ ಆದ್ರೆ ಇಳಿಯದೆ ಸೀಲ್ ದಾಟಿ ಹೊರಗೆ ಬರ್ತದೆ. ಬ್ರೀದರ್, ಇಂಟರ್‌ಕೂಲರ್ ತೊಳೆದು ಕಳಿಸಿದ್ರು. ಬೇಕಿದ್ರೆ ಆ ಬಡಪಾಯಿಗೆ ಒಂದು ಟರ್ಬೋ ಮಾರ್ಬಹುದಿತ್ತು, ಮಾರ್ಲಿಲ್ಲ. ಈ ಗ್ಯಾರೇಜ್ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಅಲ್ಲಿ.

ನನ್ನ ಗಾಡಿಗೆ ಪೂರ್ತಿ ಟರ್ಬೋ ಹಾಕದೆ ಒಳಗಿನ ಕೋರ್ (ಶಾಫ್ಟ್, ಬೇರಿಂಗ್, ರೆಕ್ಕೆ ಇರುವ ಭಾಗ) ಮಾತ್ರ ಬದಲಿಸಿದ್ರು, ಪೈಪ್, ಬಾಂಜೋ ಬೋಲ್ಟ್, ತಾಮ್ರದ ವಾಷರ್ ಎಲ್ಲ ಹೊಸತು. ಇಂಟರ್‌ಕೂಲರ್ ಕೂಡ ತೊಳೆದ್ರು, ಅಲ್ಲಿ ಉಳಿದ ಆಯಿಲನ್ನು ಇಂಜಿನ್ ಎಳ್ಕೊಂಡ್ರೆ ಕೀ ತೆಗೆದ್ರೂ ನಿಲ್ಲದೆ ರೇಸ್ ಆಗುವ ಅಪಾಯ ಉಂಟು. ಆಯಿಲ್ ಹೋಗುವ ಜಾಯಿಂಟಿಗೆ ಗಮ್ ಹಚ್ಚಲೇ ಇಲ್ಲ, ಅದರ ತುಂಡು ಕಿತ್ತು ಬಂದ್ರೆ ಅದೇ ತೂತು ಮುಚ್ತದೆ. ಸಿರಿಂಜಲ್ಲಿ ಟರ್ಬೋ ಒಳಗೆ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿದ್ರು, ಸ್ಟಾರ್ಟ್ ಆಗದ ಹಾಗೆ ಮಾಡಿ ಸೆಲ್ಫ್ ಹೊಡೆದ್ರು, ವಾಪಸ್ ಪೈಪಿನ ತುದಿಯಲ್ಲಿ ಆಯಿಲ್ ಧಾರೆ ಬರುವುದನ್ನು ನನ್ನನ್ನು ಕರೆದು ತೋರಿಸಿದ ಮೇಲೆಯೇ ಅದನ್ನು ಕೂರಿಸಿದ್ದು. ಸ್ಟಾರ್ಟ್ ಆದ ಮೇಲೂ ಹತ್ತು ನಿಮಿಷ ಆಕ್ಸಿಲರೇಟರ್ ಮುಟ್ಲಿಕ್ಕೆ ಬಿಡ್ಲಿಲ್ಲ.

ಬಿಲ್ 27,400. ಮೂರು ದಿನ ಅಂದದ್ದು ಐದು ದಿನ ಆಯ್ತು, ಫೋನ್ ಮಧ್ಯಾಹ್ನ ಎತ್ತುವುದಿಲ್ಲ, ಕೂರ್ಲಿಕ್ಕೆ ಒಂದು ಬೆಂಚು ಬಿಟ್ರೆ ಎಂತದೂ ಇಲ್ಲ, ಇಷ್ಟು ಸರಿ ಮಾಡಿದ್ರೆ ಒಳ್ಳೇದು. ಸಾವಿರ ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಮತ್ತೊಮ್ಮೆ ಬದಲಿಸ್ಲಿಕ್ಕೆ ಬರ್ಲೇಬೇಕು ಅಂದಿದ್ರು, ಹೋಗಿದ್ದೆ, ಲೇಬರ್ ತಕ್ಕೊಳ್ಲಿಲ್ಲ.

ಈಗ 6,200 ಕಿಲೋಮೀಟರ್ ಆಯ್ತು. ಮೊನ್ನೆ ತಂಗಿಯನ್ನು ವಾಪಸ್ ಬಿಡ್ಲಿಕ್ಕೆ ಅದೇ ಘಾಟಿ ಮೂರನೇ ಗೇರಲ್ಲಿ ಹತ್ತಿದೆ, ಕೂಗಿಲ್ಲ, ಹೊಗೆ ಇಲ್ಲ. ನೀವು ಹೋಗುವುದಾದ್ರೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಹಳೇ ಟರ್ಬೋ, ಹಳೇ ಪೈಪ್ ಮನೆಯಲ್ಲಿದ್ರೆ ಅದನ್ನೂ ಹಿಡ್ಕೊಂಡು ಹೋಗಿ, ಅವರು ಮೊದಲು ಕೇಳುವುದು ಅದನ್ನೇ.